ಕುರಿ ನಿಂತ ಜಾಗದ ಜೋಳ

ಹೋದ ಬೇಸಿಗೆ ಯಾದಗಿರಿಯಲ್ಲಿ ಬೆಳೆ ಅಂದಾಜು ಮಾಡುವ ಹೊಸ ನೌಕರರಿಗೆ ತರಬೇತಿ ಇತ್ತು. ಅದೇ ಕೆಲಸದಿಂದ ನಿವೃತ್ತನಾದವನೆಂದು ನನ್ನನ್ನೂ ಕರೆಸಿ ಅರ್ಧ ತಾಸು ಮಾತಾಡಲು ಹೇಳಿದರು. ಫ್ಯಾನಿನ ಸದ್ದಿನಲ್ಲಿ ನಾನೇನೋ ಹೇಳಿದೆ, ಅವರೇನೋ ಕೇಳಿದರು. ಹೊರಗೆ ಬಂದ ಮೇಲೆ ಒಬ್ಬಾಕೆ ಹತ್ತಿರ ಬಂದಳು. ಸುರಪುರಕ್ಕೆ ಹೊಸದಾಗಿ ನೇಮಕವಾದವಳು. "ಸರ್, ರೈತ್ರು ಸುಳ್ಳ ಹೇಳಿದ್ರ ಹ್ಯಾಂಗ ಗುರ್ತು ಹಿಡಿಯೋದ್ರಿ?" ಎಂದು ಕೇಳಿದಳು. "ಅನುಭವದಿಂದ ಬರ್ತದಮ್ಮ" ಎಂದು ನಕ್ಕು ಬಸ್ಸು ಹತ್ತಿಬಿಟ್ಟೆ. ಅದು ಉತ್ತರವಲ್ಲ, ನುಣುಚಿಕೊಂಡದ್ದು. ದೋರನಹಳ್ಳಿ ಬರುವವರೆಗೂ ಅದೇ ಕೊರೆಯುತ್ತಿತ್ತು. ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಒಂದು ತಾಲ್ಲೂಕಿನಲ್ಲಿ ಈ ವರ್ಷ ಎಷ್ಟು ಜೋಳ ಬೆಳೆಯಿತು, ಎಷ್ಟು ಭತ್ತ ಬೆಳೆಯಿತು ಎಂದು ಸರ್ಕಾರಕ್ಕೆ ಗೊತ್ತಾಗಬೇಕು. ಎಲ್ಲ ಹೊಲಗಳನ್ನು ಅಳೆಯುವುದು ಆಗದ ಮಾತು. ಅದಕ್ಕಾಗಿ ನಮಗೊಂದು ಅಂಕಿಗಳ ಪುಸ್ತಕ ಕೊಟ್ಟಿದ್ದರು. ಚೀಟಿ ಎತ್ತಿದ ಹಾಗೆ, ಯಾವ ಊರು, ಯಾವ ಸರ್ವೆ ನಂಬರು, ಹೊಲದ ಮೂಲೆಯಿಂದ ಎಷ್ಟು ಹೆಜ್ಜೆ ಒಳಗೆ ಎಂದು ಅದರ ಅಂಕಿಗಳೇ ಹೇಳುತ್ತಿದ್ದವು. ಅಲ್ಲಿ ನಿಂತು ನಾಲ್ಕು ಗೂಟ ಹೊಡೆದು, ಐದು ಮೀಟರಿನ ಚೌಕಕ್ಕೆ ಹಗ್ಗ ಕಟ್ಟಿ, ಒಳಗಿನ ಬೆಳೆಯನ್ನಷ್ಟೇ ಕೊಯ್ದು, ಬಡಿದು, ತೂಗಬೇಕು. ಆ ತೂಕದಿಂದ ಊರಿನ ಲೆಕ್ಕ, ಊರುಗಳಿಂದ ತಾಲ್ಲೂಕಿನ ಲೆಕ್ಕ.

ರೈತನಿಗೆ ಇದು ಎಂದೂ ನಂಬುವ ಮಾತಾಗಿರಲಿಲ್ಲ.

"ಇಡೀ ಊರು ಬಿಟ್ಟು ನನ್ನ ಹೊಲನೇ ಯಾಕ್ರಿ?"

"ಪುಸ್ತಕದಾಗ ಬಂದದ."

"ಪುಸ್ತಕದಾಗ ನನ್ನ ಹೆಸರು ಯಾರು ಬರ್ಸಿದ್ರು, ಅದನ್ನ ಹೇಳ್ರಿ ಮೊದಲ."

ಊರಲ್ಲಿ ಯಾರೊಂದಿಗೆ ಜಗಳವಿತ್ತೋ ಅವನ ಹೆಸರನ್ನು ಅವರೇ ಊಹಿಸಿಕೊಳ್ಳುತ್ತಿದ್ದರು. ನಾನು ಹೋದ ಮೇಲೆ ಆ ಜಗಳ ಮತ್ತೆ ಹೊತ್ತಿಕೊಳ್ಳುತ್ತಿತ್ತು.

ಕೆಲಸಕ್ಕೆ ಸೇರಿದ ಮೊದಲ ವರ್ಷ ಶಹಾಪುರ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಹೊಲ ತೋರಿಸಲು ಬಂದವನನ್ನು ಮಾತಿಗೆಂದು, "ಮನ್ಯಾಗ ಎಷ್ಟು ಮಂದಿ ಅದೀರಿ? ಮಕ್ಕಳೆಷ್ಟು?" ಎಂದು ಕೇಳಿದೆ. ಅವನು ಬಂದೆ ಎಂದು ಹೋದವನು ಬರಲೇ ಇಲ್ಲ. ಸ್ವಲ್ಪ ಹೊತ್ತಿಗೆ ಊರಲ್ಲಿ ಒಬ್ಬ ಗಂಡಸೂ ಕಾಣಲಿಲ್ಲ. ಎಲ್ಲರೂ ಆಳೆತ್ತರದ ಜೋಳದೊಳಗೆ ಅಡಗಿದ್ದರು. ಮಕ್ಕಳಾಗದ ಹಾಗೆ ಆಪರೇಶನ್ ಮಾಡಲು ಗಂಡಸರನ್ನು ಹಿಡಿದು ಜೀಪಿಗೆ ಹತ್ತಿಸಿದ ಕಾಲ ಕಳೆದು ಬಹಳ ದಿನವಾಗಿರಲಿಲ್ಲ. ಒಬ್ಬ ಮುದುಕ ಮಾತ್ರ ಕೋಲೂರಿಕೊಂಡು ನನ್ನ ಮುಂದೆ ಬಂದು ನಿಂತ.

"ನನಗ ಮಾಡ್ರಿ ಸಾಹೇಬ್ರ. ನಂದು ವಯಸ್ಸಾಗ್ಯಾದ, ನಡೀತದ. ಹರೇದ ಹುಡುಗ್ರನ್ನ ಬಿಟ್ಟುಬಿಡ್ರಿ."

ನನ್ನ ಚೀಲದಲ್ಲಿ ಹಗ್ಗ, ಗೂಟ, ತಕ್ಕಡಿ ಇದ್ದವು. ಒಂದೊಂದಾಗಿ ತೆಗೆದು ತೋರಿಸಿದೆ. ಹಗ್ಗ ಕಂಡು ಅವನಿಗೆ ಇನ್ನಷ್ಟು ಅನುಮಾನ ಬಂತು.

ಜನ ನಮ್ಮನ್ನು ನಂಬುತ್ತಿರಲಿಲ್ಲ. ನಾವು ಜನರನ್ನು ನಂಬಬಾರದೆಂದು ಕಲಿಸಿದವರು ಖಾದರ್ ಸಾಹೇಬರು. ನನ್ನ ಮೇಲಧಿಕಾರಿ. ತೆಳ್ಳಗೆ, ಎತ್ತರಕ್ಕೆ ಇದ್ದರು. ಹೇಳದೆ ಕೇಳದೆ ಹೊಲಕ್ಕೆ ಬಂದು ನಿಲ್ಲುವುದು ಅವರ ಅಭ್ಯಾಸ. "ರೈತ ಹೇಳಿದ್ದು ಬರಕೋಬ್ಯಾಡ. ನೀ ತೂಗಿದ್ದು ಬರಿ" ಎನ್ನುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ, ಆದರೆ ಮನಸ್ಸಿಗೆ ತೆಗೆದುಕೊಂಡಿರಲಿಲ್ಲ. ನಮ್ಮ ಅಪ್ಪ ಅವ್ವ ಬೇರೆಯವರ ಹೊಲದಲ್ಲಿ ದುಡಿದವರು. ಹೊಲದವರ ಮಾತು ನಂಬುವುದು ನನಗೆ ರೂಢಿಯಾಗಿತ್ತು.

ಆ ರೂಢಿ ಬಿಡಿಸಿದ್ದು ಕಾಲುವೆಯ ಪಕ್ಕದ ಒಬ್ಬ ದೊಡ್ಡ ಹಿಡುವಳಿದಾರ. ಹೆಸರು ಬೇಡ. ಅವನ ಗದ್ದೆಯಲ್ಲಿ ಗೂಟ ಹೊಡೆದು ಹಗ್ಗ ಕಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. "ಬಿಸಿಲಾಗ ಹ್ಯಾಂಗ ಮಾಡ್ತೀರಿ, ಒಂದ್ ತುತ್ತು ಉಣ್ಣ್ರಿ, ಆಮ್ಯಾಲ ಕೊಯ್ಯೋಣು" ಎಂದು ಮರದ ನೆರಳಿಗೆ ಕರೆದೊಯ್ದ. ಊಟ ಚೆನ್ನಾಗಿತ್ತು. ತಿರುಗಿ ಬಂದು ಹಗ್ಗದೊಳಗಿನ ಭತ್ತ ಕೊಯ್ಸಿ ತೂಗಿದೆ. ಬಹಳ ಕಡಿಮೆ ಬಂತು. ಪಾಪ ಎನಿಸಿತು.

ಮರುದಿನ ಖಾದರ್ ಸಾಹೇಬರು ಬಂದರು. ನನ್ನ ಕೈಯಿಂದ ಕಾಗದ ತೆಗೆದುಕೊಂಡು ಮೂಲೆಯಿಂದ ತಾವೇ ಹೆಜ್ಜೆ ಹಾಕಿದರು. ಹೆಜ್ಜೆ ಮುಗಿದ ಕಡೆ ದಟ್ಟ ಭತ್ತ ಇನ್ನೂ ನಿಂತಿತ್ತು. ಬುಡದಲ್ಲಿ ನಾಲ್ಕು ತೂತು. ನಾನು ಕೊಯ್ಸಿದ ಚೌಕ ಇದ್ದದ್ದು ಬಹಳ ದೂರದಲ್ಲಿ, ಚೌಳು ಹಿಡಿದ ಮೂಲೆಯಲ್ಲಿ.

"ಗೂಟಕ್ಕ ಕಾಲು ಬಂದಾವೇನೋ?" ಎಂದರು. ದನಿ ಏರಿಸಲಿಲ್ಲ. ಅದೇ ಹೆಚ್ಚು ಉರಿಯಿತು.

ಬೆಳೆ ಜಾಸ್ತಿ ತೋರಿಸಿದರೆ ಸರ್ಕಾರಕ್ಕೆ ಕೊಡಬೇಕಾದ ಲೆವಿ ಧಾನ್ಯ ಹೆಚ್ಚಾದೀತೆಂದು ಆ ಮನುಷ್ಯ ಹಾಗೆ ಮಾಡಿಸಿದ್ದ. ಅಂದಿನಿಂದ ನಾನು ಯಾರ ಹೊಲದಲ್ಲೂ ನೀರು ಕೂಡ ಮುಟ್ಟಲಿಲ್ಲ. "ನಿಮ್ದು ಯಾವ ಊರ್ರಿ? ಯಾರ ಪೈಕಿ?" ಎಂದು ಮೊದಲೇ ಕೇಳಿ ತಿಳಿದುಕೊಳ್ಳುತ್ತಿದ್ದ ಕೆಲವು ಮನೆಗಳಿಗೆ ನನ್ನ ಈ ಹೊಸ ನಿಯಮದಿಂದ ಅನುಕೂಲವೇ ಆಯಿತು.

ಅಷ್ಟರಲ್ಲಿ ಎಡದಂಡೆ ಕಾಲುವೆಯ ನೀರು ಊರೂರಿಗೆ ಹರಿದಿತ್ತು. ಬಿಳಿಜೋಳ ಬಿತ್ತುತ್ತಿದ್ದ ಎರೆಹೊಲಗಳು ಗದ್ದೆಯಾದವು. ದೂರದ ಸೀಮೆಗಳಿಂದ ಜನ ಬಂದು ಕಾಲುವೆಯುದ್ದಕ್ಕೂ ಕ್ಯಾಂಪು ಕಟ್ಟಿಕೊಂಡರು. ನಾಟಿಗೆ, ಕೊಯ್ಲಿಗೆ ನೀರಿಲ್ಲದ ಹಳ್ಳಿಗಳವರು ಟ್ರ್ಯಾಕ್ಟರು ಹತ್ತಿ ಅಲ್ಲಿಗೆ ಹೋಗತೊಡಗಿದರು. ತಾಲ್ಲೂಕಿನಲ್ಲಿ ಕಾಳು ಹೆಚ್ಚಿತು, ತಿನ್ನುವ ಬಾಯಿಯೂ ಹೆಚ್ಚಿತು. ಆದರೆ ಹೆಚ್ಚಿದ ಕಾಳು ಭತ್ತ, ಅದು ಲಾರಿ ಹತ್ತಿ ಹೊರಗೆ ಹೋಗುತ್ತಿತ್ತು. ರೊಟ್ಟಿಯ ಜೋಳ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿತ್ತು.

ಕಚೇರಿಯಲ್ಲಿ ಒಂದು ಲೆಕ್ಕವಿತ್ತು. ಮೇಲೆ ಕಾಳು, ಕೆಳಗೆ ಜನ, ನಡುವೆ ಒಂದು ಗೆರೆ. ಊರಿನ ಕಾಳನ್ನು ಊರಿನ ಜನರಿಂದ ಭಾಗಿಸಿ, ತಲೆಗೆ ಕಡಿಮೆ ಬಿದ್ದ ಊರುಗಳಿಗೆ ನ್ಯಾಯಬೆಲೆ ಅಂಗಡಿಯಿಂದ ಹೆಚ್ಚುವರಿ ಜೋಳ ಕೊಡುವ ಏರ್ಪಾಡು. ಲೆಕ್ಕವೇನೋ ಸರಿಯೇ. ಮೇಲಿನ ಅಂಕಿ ನಾವು ತೂಗಿ ತಂದದ್ದು, ಕೆಳಗಿನದು ಬೇರೆಯವರು ಎಣಿಸಿ ತಂದದ್ದು. ಎರಡೂ ಖರೆ ಇದ್ದರೆ ಉತ್ತರವೂ ಖರೆ.

ಒಂದು ವರ್ಷ ಪುಸ್ತಕ ನನ್ನನ್ನು ಬೋನಾಳದ ಆಚೆಗಿನ ಒಂದು ಹಳ್ಳಿಗೆ ಕಳಿಸಿತು. ಆ ಊರಿನವರು ಇನ್ನೂ ಇರುವುದರಿಂದ ಅದರ ಹೆಸರೂ ಬೇಡ. ನಕ್ಷೆಯಲ್ಲಿ ಕಾಲುವೆಯ ಕೊನೆಯ ಕವಲು ಆ ಊರಿಗೆ ಮುಟ್ಟುತ್ತಿತ್ತು. ಹೀಗಾಗಿ ದಫ್ತರದಲ್ಲಿ ಅದರ ಬಹಳಷ್ಟು ಹೊಲ "ತರಿ", ಅಂದರೆ ನೀರಾವರಿ. ಮಳೆ ಕೈಕೊಟ್ಟ ವರ್ಷ ಅದು. ಹೊಲ ಮಾಳವ್ವನದು. ಐವತ್ತರ ಆಸುಪಾಸಿನ ಹೆಂಗಸು, ಕುರಿ ಸಾಕುವ ಮನೆ. ಗಂಡ ಮತ್ತು ಮೈದುನರು ಮೇವು ಹುಡುಕಿ ಕುರಿ ಹೊಡೆದುಕೊಂಡು ಹೊಳೆ ಕಡೆ ಹೋಗಿದ್ದರು.

ನಾನು ಹೆಜ್ಜೆ ಹಾಕಿ ಗೂಟ ಹೊಡೆದ ಜಾಗದಲ್ಲಿ ಜೋಳ ಕಣ್ಣು ತುಂಬುವಂತೆ ನಿಂತಿತ್ತು. ದಪ್ಪ ದಂಟು, ಬಾಗಿದ ತೆನೆ. ಮಾಳವ್ವ ಓಡಿ ಬಂದಳು.

"ಸಾಹೇಬ್ರ, ಇಲ್ಲಿ ಹಿಂಗ ಬಂದದ್ದು ಬ್ಯಾರೆ ಅದರಿ. ಬ್ಯಾಸಗ್ಯಾಗ ಇಲ್ಲಿ ಕುರಿ ನಿಂದ್ರಿಸಿದ್ವಿ. ಗೊಬ್ಬರ ಬಿದ್ದದ, ಅದಕ್ಕ ಇದೊಂದು ಜಾಗ ಹಿಂಗ ಅದ. ಆಕಡಿ ಬಂದು ನೋಡ್ರಿ, ಕಡ್ಡಿ ನಿಂತಂಗ ನಿಂತಾವ."

"ಗೂಟ ಸರಿಸೋ ಹಂಗಿಲ್ಲಮ್ಮ."

"ಸರಸಬ್ಯಾಡ್ರಿ. ಕುರಿ ನಿಂತಿದ್ವು ಅಂತ ಬರಕೋರಿ, ಸಾಕು."

ನಮ್ಮ ನಮೂನೆಯ ಕೊನೆಗೆ "ಷರಾ" ಎಂಬ ಕಾಲಂ ಇರುತ್ತದೆ. ವಿಶೇಷವೇನಾದರೂ ಇದ್ದರೆ ಅಲ್ಲಿ ಬರೆಯಬೇಕು. ನಾನು ಬರೆಯಲಿಲ್ಲ. ಬೆಳೆ ಕಡಿಮೆ ತೋರಿಸಲು ಎಲ್ಲರೂ ಒಂದೊಂದು ಕಥೆ ಹೇಳುತ್ತಾರೆ, ಇವಳದು ಕುರಿಯ ಕಥೆ ಎಂದುಕೊಂಡೆ. ಹೊಲದ ಆಚೆ ಬದಿಗೆ ಹೋಗಿ ನೋಡಲೂ ಇಲ್ಲ. ನೋಡಿದರೆ ಎಲ್ಲಿ ಮೆತ್ತಗಾಗುತ್ತೇನೋ ಎಂಬ ಹೆದರಿಕೆ. ತೂಗಿ, ಬರೆದು, ಅವಳಿಂದ ಹೆಬ್ಬೆಟ್ಟು ಒತ್ತಿಸಿಕೊಂಡೆ. ತಂಬಿಗೆಯಲ್ಲಿ ಮಜ್ಜಿಗೆ ತಂದಿದ್ದಳು. ಬೇಡ ಎಂದೆ.

"ಏನೂ ಹಾಕಿಲ್ರಿ ಅದರಾಗ," ಎಂದಳು.

ನಾನು ತಂದ ತೂಕ ಕಚೇರಿಯಲ್ಲಿ ಎಲ್ಲರಿಗೂ ಹಿಡಿಸಿತು. ಮಳೆಯಿಲ್ಲದ ವರ್ಷ ಇಷ್ಟು ಜೋಳ ಬಂದಿದೆಯೆಂದರೆ ಕಾಲುವೆ ನೀರು ಮುಟ್ಟಿರಲೇಬೇಕು ಎಂದರು. ನಕ್ಷೆಯೂ ಅದನ್ನೇ ಹೇಳುತ್ತಿತ್ತು. ಇನ್ನು ಗೆರೆಯ ಕೆಳಗಿನ ಜನಸಂಖ್ಯೆ. ಅದನ್ನು ಎಣಿಸಿದ್ದು ಕುರಿಯವರು ಹೊಳೆಗೆ, ಕೂಲಿಯವರು ಕ್ಯಾಂಪಿಗೆ ಹೋಗಿದ್ದ ದಿನಗಳಲ್ಲಿ. ಹೆಚ್ಚು ಕಾಳು, ಕಡಿಮೆ ಜನ. ಆ ಹಳ್ಳಿ ಹೆಚ್ಚುವರಿ ಜೋಳದ ಪಟ್ಟಿಯಿಂದ ಬಿದ್ದುಹೋಯಿತು. ನನಗೆ ಆಗ ಅದು ಗೊತ್ತೂ ಇರಲಿಲ್ಲ.

ಯುಗಾದಿ ಮುಗಿದ ಮೇಲೆ ಒಂದು ದಿನ ರಂಗಂಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಗಂಟುಮೂಟೆ ಹೊತ್ತ ಹೆಂಗಸರ ಗುಂಪೊಂದು ಕ್ಯಾಂಪಿಗೆ ಹೋಗುವ ಟ್ರ್ಯಾಕ್ಟರಿಗೆ ಕಾದು ಕೂತಿತ್ತು. ಅವರನ್ನು ಕಳಿಸಲು ಬಂದಿದ್ದ ಮಾಳವ್ವ ನನ್ನನ್ನು ಗುರುತು ಹಿಡಿದಳು. ಬೈಯುತ್ತಾಳೆಂದು ಸಿದ್ಧನಾದೆ. ಬೈಯಲಿಲ್ಲ.

"ಅಂಗಡಿಗೆ ಜ್ವಾಳ ಬರಂಗಿಲ್ಲಂತ. ನಮ್ಮೂರಾಗ ಬಾಳ ಬೆಳದಾದಂತ. ನನ್ನ ಹೊಲದ್ದೇ ತೂಕ ತೋರ್ಸಿದ್ರಂತ," ಎಂದಳು. "ಈಗ ಹೊಲ ಖಾಲಿ ಅದರಿ. ಕೂಳಿ ಇನ್ನಾ ನಿಂತಾವ. ಬಂದು ನೋಡ್ರಿ. ನನ್ನ ಮಾತು ನಂಬಬ್ಯಾಡ್ರಿ, ಕೂಳಿ ನೋಡ್ರಿ."

ಆಗಲೂ ನನಗೆ ಅನುಮಾನವೇ. ಕೊಯ್ದ ದಂಟಿನ ಬುಡವೇ ಕೂಳೆ, ಅದನ್ನು ಕಿತ್ತು ಜಾಗ ತಯಾರು ಮಾಡಿಟ್ಟಿದ್ದರೆ? ಹೇಳದೆ ಹೋಗೋಣವೆಂದು ನಾಲ್ಕು ದಿನ ಬಿಟ್ಟು ಬೆಳಿಗ್ಗೆಯೇ ಹೋದೆ. ಹೊಲದಲ್ಲಿ ಯಾರೂ ಇರಲಿಲ್ಲ. ನಾನು ಗೂಟ ಹೊಡೆದಿದ್ದ ಜಾಗದ ಸುತ್ತ, ಒಂದು ಕಣದಷ್ಟು ಅಗಲ, ಕೂಳೆ ಹೆಬ್ಬೆರಳಿನಷ್ಟು ದಪ್ಪ. ಆ ಸುತ್ತು ದಾಟಿದರೆ ಎಲ್ಲ ಕಡೆ ಕಿರುಬೆರಳಿಗಿಂತ ಸಣ್ಣ. ಬಗ್ಗಿ ಮಣ್ಣು ಕೆದಕಿದೆ. ಕುರಿ ಹಿಕ್ಕೆ ಪುಡಿಯಾಗಿ ಮಣ್ಣಿನೊಂದಿಗೆ ಬೆರೆತಿತ್ತು. ಅಲ್ಲಿಂದ ಕಾಲುವೆಯ ಕವಲಿಗೆ ಹೋದೆ. ತಳದಲ್ಲಿ ಜಾಲಿ ಮುಳ್ಳು ನನ್ನ ಸೊಂಟದೆತ್ತರಕ್ಕೆ ಬೆಳೆದಿತ್ತು. ನೀರು ಹರಿದ ಕಾಲುವೆಯಲ್ಲಿ ಜಾಲಿ ಅಷ್ಟು ಬೆಳೆಯುವುದಿಲ್ಲ.

ಬಂದವನು ಊರೊಳಗೂ ಹೋದೆ. ಕಾಳಿನ ಅಂಕಿ ತಪ್ಪಿದ್ದರೆ ಜನರ ಅಂಕಿಯೂ ತಪ್ಪಿರಬಹುದೆಂದು ಅನಿಸಿತ್ತು. ಮೊದಲನೆಯ ಮನೆಯಲ್ಲೇ ಬಾಗಿಲು ಅರ್ಧ ಮುಚ್ಚಿಕೊಂಡಿತು. ಅಷ್ಟು ಹೊತ್ತಿಗೆ ಮಾಳವ್ವ ಬಂದಳು.

"ಮಂದಿ ಎಷ್ಟಂತ ಕೇಳಬ್ಯಾಡ್ರಿ. ಹಿಂದ ಮಂದಿ ಕೇಳಿ ಹೋದವ್ರು ಏನ್ ಮಾಡಿದ್ರು, ಎಲ್ಲರಿಗೂ ನೆನಪದ. ರೊಟ್ಟಿ ಕೇಳ್ರಿ." ಬಾಗಿಲ ಸಂದಿಗೆ ಬಾಯಿಟ್ಟು ಅವಳೇ ಕೇಳಿದಳು, "ಒಂದ್ ಹೊತ್ತಿಗೆ ಎಷ್ಟ್ ರೊಟ್ಟಿ ಬಡೀತಿಬೇ?"

ಬಾಗಿಲು ತೆರೆಯಿತು. "ಅವ್ರಿಗಿ ಎರಡು, ನಮ್ಮತ್ತಿಗಿ ಒಂದು, ಮೈದುನ ಬಂದಾಗ ಅವನಿಗೆರಡು, ಹುಡುಗ್ರಿಗಿ ಅರ್ಧ ಅರ್ಧ..." ಆ ಸೊಸೆ ಬೆರಳು ಮಡಿಚುತ್ತ ಎಣಿಸಿದಳು. ರೊಟ್ಟಿಯ ಜೊತೆ ಮಂದಿಯೂ ಒಬ್ಬೊಬ್ಬರಾಗಿ ಬಂದರು. ನಾನು ಬರೆದುಕೊಂಡೆ. ಊರೆಲ್ಲ ಹೀಗೇ ತಿರುಗಿದೆವು. ಹೊಳೆಗೆ ಹೋದವರು, ಕ್ಯಾಂಪಿಗೆ ಹೋದವರು, ಬಾಣಂತನಕ್ಕೆ ಬಂದವರು, ಎಲ್ಲರೂ ರೊಟ್ಟಿಯ ಲೆಕ್ಕದಲ್ಲಿ ಸಿಕ್ಕರು. ದಫ್ತರದ ಅಂಕಿಗಿಂತ ಊರು ಬಹಳ ದೊಡ್ಡದಿತ್ತು.

ನನ್ನ ಅನುಮಾನ ಮಾತ್ರ ಹೋಗಿರಲಿಲ್ಲ. ಜೋಳ ಬೇಕಾಗಿದೆ, ಅದಕ್ಕೆ ಇಲ್ಲದವರನ್ನೂ ಸೇರಿಸಿ ಹೇಳುತ್ತಿರಬಹುದೆಂದು ಒಲೆಯ ಹತ್ತಿರದ ಚಾಪೆ, ತಾಟುಗಳನ್ನೆಲ್ಲ ಕಣ್ಣಲ್ಲೇ ಎಣಿಸುತ್ತಿದ್ದೆ. ಮೇಲಿನ ಓಣಿಯ ಒಂದು ಮನೆಯಲ್ಲಿ ಆಗಷ್ಟೇ ರೊಟ್ಟಿ ಬಡಿದು ಮುಗಿಸಿದ್ದಳು ಒಬ್ಬ ಹೆಂಗಸು. ಎಷ್ಟೆಂದು ಕೇಳಿದ್ದಕ್ಕೆ "ಹನ್ನೆರಡು" ಎಂದಳು. ಪಕ್ಕದಲ್ಲಿ ಬುಟ್ಟಿ, ಮೇಲೆ ಬಟ್ಟೆ. ಅವಳ ಸಣ್ಣ ಮಗಳು ಬಂದು ಬಟ್ಟೆ ಎಳೆದಳು. ಒಳಗೆ ನಾಲ್ಕು ರೊಟ್ಟಿ ಇದ್ದವು. ಆಕೆ ಬಟ್ಟೆ ಮುಚ್ಚಿ, ಮಗಳ ಕೈ ಹಿಡಿದುಕೊಂಡಳು. ಮಾಳವ್ವ ಗೋಡೆಯ ಕಡೆ ನೋಡುತ್ತ ನಿಂತಳು.

ಹೊರಗೆ ಬಂದ ಮೇಲೆ ಕೇಳಿದೆ. "ಹನ್ನೆರಡು ಅಂದ್ಳಲ್ಲ?"

"ನಿಮ್ಮ ಮುಂದ ನಾಕು ಅಂತ ಹೇಳ್ತಾಳೇನ್ರಿ?"

ಅಲ್ಲೇ ಓಣಿಯಲ್ಲಿ ನಿಂತುಬಿಟ್ಟೆ. ಸುಳ್ಳು ಇತ್ತು, ನಿಜ. ಆದರೆ ನಾನು ಹುಡುಕುತ್ತಿದ್ದ ಕಡೆ ಅದು ಇರಲಿಲ್ಲ. ಇಲ್ಲ ಇಲ್ಲವೆಂದು ಜನ ಬಣ್ಣ ಕಟ್ಟಿ ಹೇಳುತ್ತಾರೆಂದು ನಾನು ಇಷ್ಟು ವರ್ಷ ಕಾದು ಕೂತಿದ್ದೆ. ಈ ಹೆಂಗಸು ಇಲ್ಲದ್ದನ್ನು ಇದೆ ಎನ್ನುತ್ತಿದ್ದಳು. ಲೆವಿಗೆ ಹೆದರಿದವನ ಸುಳ್ಳೇ ಬೇರೆ, ಬುಟ್ಟಿ ಮುಚ್ಚಿಟ್ಟವಳ ಸುಳ್ಳೇ ಬೇರೆ. ನಾನು ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದೆ.

ಆ ಹೆಣ್ಣುಮಗಳು ಯಾದಗಿರಿಯಲ್ಲಿ ಕೇಳಿದ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇಷ್ಟೇ. ಅನುಮಾನ ಇರಲಿ. ಆದರೆ ಈ ಸುಳ್ಳಿನಿಂದ ಈ ಮನುಷ್ಯನಿಗೆ ಏನು ಉಳಿಯುತ್ತದೆ ಎಂದು ಮೊದಲು ಯೋಚಿಸು. ನಿನ್ನ ಅನುಮಾನದಿಂದ ನಿನಗೇನು ಉಳಿಯುತ್ತದೆ ಎಂದೂ ಯೋಚಿಸು. ನನಗೆ ಉಳಿದದ್ದು ಹೊಲದ ಆಚೆ ಬದಿಗೆ ನಡೆದುಹೋಗುವ ಶ್ರಮ.

ವರದಿ ಬರೆದುಕೊಂಡು ಖಾದರ್ ಸಾಹೇಬರ ಮುಂದೆ ನಿಂತೆ. ಓದಿದರು. ಕನ್ನಡಕ ತೆಗೆದಿಟ್ಟರು.

"ಯಾರ ಮನ್ಯಾಗ ಊಟ ಮಾಡಿದಿ?"

"ಯಾರ ಮನ್ಯಾಗೂ ಇಲ್ರಿ."

"ತೂಕ ತಪ್ಪಾಗಿತ್ತೇನು?"

"ಇಲ್ರಿ. ತೂಕ ಸರಿ ಅದ."

"ಗೂಟ?"

"ಗೂಟನೂ ಸರಿ ಇತ್ರಿ."

"ಮತ್ತ ತಪ್ಪೇನು?"

"ಆಕಿ ಒಂದು ಮಾತು ಹೇಳಿದ್ಳು. ನಾ ಬರೀಲಿಲ್ರಿ. ಷರಾ ಖಾಲಿ ಬಿಟ್ಟೀನಿ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ನಾನು ಆ ಊರಿನವರ ಕೈಗೆ ಬಿದ್ದಿದ್ದೇನೆಂದು ಅವರಿಗೆ ಅನುಮಾನ ಬಂದದ್ದು ಕಣ್ಣಲ್ಲೇ ಕಾಣುತ್ತಿತ್ತು. ಹೋಗು ಎಂದು ಕೈ ಮಾಡಿದರು.

ಮರುದಿನ ನನಗೆ ತಿಳಿಸದೆ ಜೀಪಿನಲ್ಲಿ ಆ ಹಳ್ಳಿಗೆ ಹೋದರು. ಆಮೇಲೆ ಡ್ರೈವರ್ ಹೇಳಿದ. ಸಾಹೇಬರು ಕಾಗದ ಹಿಡಿದು ಹೆಜ್ಜೆ ಹಾಕಿದರಂತೆ, ಮಣ್ಣು ತೆಗೆದು ಮೂಸಿದರಂತೆ, ಜಾಲಿ ಮುಳ್ಳಿನೊಳಗೆ ಇಳಿದು ಪ್ಯಾಂಟು ಹರಿದುಕೊಂಡರಂತೆ. ತಾವೇ ಆರಿಸಿದ ಕೆಲವು ಮನೆಗಳಿಗೆ ಹೋಗಿ ನನ್ನ ಎಣಿಕೆಯನ್ನು ತಾಳೆ ನೋಡಿದರಂತೆ. ಒಂದು ಮನೆಯಿಂದ ಹೊರಗೆ ಬಂದವರು ಜೀಪಿನಲ್ಲಿ ಕೂತು, ಸ್ವಲ್ಪ ಹೊತ್ತು ಹೊರಡು ಎನ್ನಲೇ ಇಲ್ಲವಂತೆ. ಯಾವ ಮನೆಯೆಂದು ಅವನಿಗೆ ಗೊತ್ತಿರಲಿಲ್ಲ.

ಸಂಜೆ ನನ್ನನ್ನು ಕರೆಸಿದರು. "ಆ ನಂಬರೆಲ್ಲ ಖುಷ್ಕಿ ಅಂತ ತಿದ್ದು, ಮಳಿ ಮ್ಯಾಲೆ ಬೆಳಿಯೋ ಹೊಲ ಅವು. ಕೆಳಗ ನಾ ಸಹಿ ಮಾಡೀನಿ," ಎಂದು ನನ್ನ ವರದಿ ತಿರುಗಿ ಕೊಟ್ಟರು. ಅದರ ಜೊತೆಗೆ ಇನ್ನೊಂದು ಕಾಗದ ಕೊಟ್ಟರು. ಷರಾ ಕಾಲಂ ಖಾಲಿ ಬಿಟ್ಟದ್ದಕ್ಕೆ ಕಾರಣ ಕೇಳಿ ನನಗೆ ನೋಟೀಸು. ಎರಡರ ಮೇಲೂ ಒಂದೇ ಶಾಯಿಯ ಸಹಿ ಇತ್ತು. ನೋಟೀಸಿಗೆ ನಾನು ಕೊಟ್ಟ ಉತ್ತರ ಒಂದೇ ಸಾಲು: ರೈತ ಮಹಿಳೆಯ ಮಾತನ್ನು ನಂಬದೆ ಬಿಟ್ಟಿದ್ದೇನೆ.

ಈಗ ನಿಮ್ಮಂಥ ಹೊಸಬರ ಕೈಯಲ್ಲಿ ಮೊಬೈಲ್ ಇದೆ. ಹೊಲದಲ್ಲಿ ನಿಂತ ಜಾಗವನ್ನು ಅದೇ ಹೇಳುತ್ತದೆ, ಫೋಟೋ ತೆಗೆಯದೆ ಮುಂದಕ್ಕೆ ಹೋಗಗೊಡುವುದಿಲ್ಲ. ಗೂಟಕ್ಕೆ ಕಾಲು ಬಂದರೆ ಹಿಡಿದುಹಾಕುತ್ತದೆ. ಒಳ್ಳೆಯದೇ. ಅಲ್ಲಿ ಕುರಿ ನಿಂತಿದ್ದವೆಂದು ಮಾತ್ರ ಅದಕ್ಕೆ ಯಾರಾದರೂ ಹೇಳಬೇಕು. ಹೇಳುವವರು ಹೊಲದವರು. ಬರೆಯುವವರು ನೀವು.

ಖಾದರ್ ಸಾಹೇಬರು ಸಹಿ ಮಾಡಿದ ಆ ಕಾಗದ ಮೇಲಕ್ಕೆ ಹೋಗಿ, ಒಪ್ಪಿಗೆಯಾಗಿ, ಕೆಳಗಿಳಿದು ಬರುವಷ್ಟರಲ್ಲಿ ಶ್ರಾವಣ ಬಂತು. ಜೋಳದ ಚೀಲಗಳು ಬಂದವೆಂದು ತಿಳಿದು, ಮನೆಗಳ ಪಟ್ಟಿ ತಾಳೆ ನೋಡಲು ನನ್ನನ್ನೇ ಕಳಿಸಿದರು. ನಾನು ರೊಟ್ಟಿ ಕೇಳಿ ಬರೆದ ಪಟ್ಟಿಯೇ ಅದು. ಮಾಳವ್ವ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ಕಂಡು ಎದ್ದು ಬಂದಳು. ಅವಳ ಮನೆಯವರು ಕುರಿಯೊಂದಿಗೆ ತಿರುಗಿ ಬಂದಿದ್ದರು.

ಇಬ್ಬರೂ ಓಣಿ ಹಿಡಿದು ನಡೆದೆವು. ನಾನು ಹೆಸರು ಓದುವುದು, ಅವಳು ಮನೆ ತೋರಿಸುವುದು. ಮೊದಲ ಓಣಿಯಲ್ಲಿ ಎಲ್ಲರೂ ಇದ್ದರು. ಮುಂದೆ ಮುಂದೆ ಹೋದಂತೆ ಕೀಲಿ ಹಾಕಿದ ಬಾಗಿಲುಗಳು ಹೆಚ್ಚಾದವು. ನಾಟಿಗೆಂದು ಕ್ಯಾಂಪಿಗೆ ಹೋದವರು ಈ ಸಲ ಒಲೆಯ ಕಲ್ಲು, ಬೀಸುವ ಕಲ್ಲು ಸಹಿತ ಹೋಗಿದ್ದರು. ಅಲ್ಲೇ ಗುಡಿಸಲು ಹಾಕಿಕೊಂಡಿದ್ದಾರೆ, ಮಕ್ಕಳನ್ನು ಅಲ್ಲಿಯ ಶಾಲೆಗೇ ಹಚ್ಚಿದ್ದಾರೆ ಎಂದಳು ಮಾಳವ್ವ. ದಫ್ತರದಲ್ಲಿದ್ದ ಜನರ ಆ ಸಣ್ಣ, ತಪ್ಪು ಅಂಕಿ ಈಗ ಸರಿಯಾಗುತ್ತ ಬಂದಿತ್ತು.

ಮೇಲಿನ ಓಣಿಯ ಆ ಮನೆಯ ಮುಂದೆ ನಿಂತೆವು. ಹನ್ನೆರಡು ರೊಟ್ಟಿಯ ಮನೆ. ಬಾಗಿಲಿಗೆ ಕೀಲಿಯಿತ್ತು. ಚಿಲಕದ ಸಂದಿಯಲ್ಲಿ ಜೇಡ ಬಲೆ ಕಟ್ಟಿತ್ತು. ನಾನು ಪೆನ್ನು ಹಿಡಿದು ನಿಂತೆ.

"ಇದು ಬಾಗಿಲ ಮುಚ್ಚೇದ," ಎಂದಳು ಮಾಳವ್ವ. "ಬರಕೋರಿ."

"ಏನಂತ ಬರೀಲಿ? ಇಲ್ಲ ಅಂತಲಾ?"

ಅವಳು ಆ ಕೀಲಿಯನ್ನೇ ನೋಡುತ್ತಿದ್ದಳು.

"ಇಲ್ಲ ಅಂತ ಬರೀಬ್ಯಾಡ್ರಿ ಸಾಹೇಬ್ರ. ಇದ್ರು ಅಂತ ಬರೀರಿ."

ಹೆಸರಿನ ಎದುರು ಷರಾ ಕಾಲಮ್ಮಿನಲ್ಲಿ "ಇದ್ದರು" ಎಂದು ಬರೆದೆ. ಬರೆದದ್ದನ್ನು ಓದಿ ಹೇಳ್ರಿ ಎಂದಳು. ಓದಿ ಹೇಳಿದೆ. ಆಮೇಲೆ ಮುಂದಿನ ಮನೆಗೆ ನಡೆದೆವು.